ಲೇಖನ ಇಲ್ಲ, ಕಾಮೆಂಟ್ ಇದೆ: ಅರ್ಧ ಬ್ಯಾಕಪ್‌ನಿಂದ ಸರ್ವರ್ ಎಬ್ಬಿಸಿದ ಬಗೆ

ಬಸವನಗುಡಿಯಲ್ಲಿ ಒಂದು ಭಾನುವಾರ ಬೆಳಗ್ಗೆ ಆಡಿದ ಮಾತುಗಳ ಬರಹ ರೂಪ ಇದು. ಆಗ ಬಿಟ್ಟುಹೋದ ಒಂದೆರಡು ವಿವರ ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ತುಂಬಾ ಖುಷಿ ಆಯ್ತು. ಇಲ್ಲಿ ಅರ್ಧ ಜನ ಸರ್ವರ್ ನೋಡಿಕೊಳ್ಳುವವರು, ಇನ್ನರ್ಧ ಜನ ಸಂಘ, ಶಾಲೆ, ಅಂಗಡಿಯ ಲೆಕ್ಕಪತ್ರ ನೋಡಿಕೊಳ್ಳುವವರು ಅಂತ ಕರೆದವರು ಹೇಳಿದರು. ಹಾಗಾಗಿ ಕಮಾಂಡುಗಳನ್ನು ಆದಷ್ಟು ಕಮ್ಮಿ ಹೇಳುತ್ತೇನೆ.

ಬ್ಯಾಕಪ್ ಇಟ್ಟುಕೊಳ್ಳಿ ಅಂತ ಹೇಳುವುದಕ್ಕೆ ನಾನು ಬಂದಿಲ್ಲ. ಅದು ಎಲ್ಲರಿಗೂ ಗೊತ್ತು. ನನ್ನದು ಅದರ ಮುಂದಿನ ಮಾತು. ಸರ್ವರ್ ಹೋಗಿದೆ. ಬ್ಯಾಕಪ್ ಇದೆ. ತೆರೆದು ನೋಡಿದರೆ ಪೂರ್ತಿ ಇಲ್ಲ. ಆಗೇನು ಮಾಡಬೇಕು? ಪೂರ್ತಿ ಬ್ಯಾಕಪ್ ಇದ್ದವರ ದಾರಿ ನೇರ. ಏನೂ ಇಲ್ಲದವರಿಗೆ ದಾರಿಯೇ ಇಲ್ಲ. ಅರ್ಧ ಇದ್ದವರು ಮಾತ್ರ ದುಡುಕಿದರೆ ಆ ಅರ್ಧವನ್ನೂ ಕಳೆದುಕೊಳ್ಳುತ್ತಾರೆ.

ನಾವು ನಾಲ್ಕು ಜನ ಸೇರಿ ಒಂದು ಕನ್ನಡ ವೆಬ್ ಪತ್ರಿಕೆ ನಡೆಸುತ್ತೇವೆ. ಚಾಮರಾಜಪೇಟೆಯಲ್ಲಿ ಮಹಡಿ ಮೇಲಿನ ಒಂದು ಕೋಣೆಯೇ ಆಫೀಸು. ಸಂಪಾದಕರು ನಿವೃತ್ತ ಶಿಕ್ಷಕರು. ಅವರನ್ನು ಎಲ್ಲರೂ ಮೇಷ್ಟ್ರು ಅಂತಲೇ ಕರೆಯುವುದು. 11 ವರ್ಷದಲ್ಲಿ ನಾಲ್ಕು ಸಾವಿರಕ್ಕೂ ಜಾಸ್ತಿ ಬರಹ ಸೇರಿತ್ತು. ಬರೆದವರಲ್ಲಿ ಬಹಳ ಜನ ಬೇರೆ ಎಲ್ಲೂ ಬರೆದವರಲ್ಲ. ಅಡುಗೆಮನೆಯಿಂದ, ಬಸ್ಸಿನಿಂದ, ಹೊಲದಿಂದ ಮೊದಲ ಸಲ ಬರೆದವರು. ಆ ಬರಹಗಳಿಗೆ ಅಚ್ಚಾದ ಪ್ರತಿ ಅಂತ ಇಲ್ಲ. ಸರ್ವರ್‌ನಲ್ಲಿ ಇದ್ದದ್ದೇ ಪ್ರತಿ.

ಒಂದು ಆಗಸ್ಟ್ ರಾತ್ರಿ ತಾಣ ನಿಂತಿತು. ಬೆಳಗ್ಗೆ ಹೋಸ್ಟಿಂಗ್ ಕಂಪನಿಯಿಂದ ಮೂರು ಸಾಲಿನ ಉತ್ತರ ಬಂತು. ಸ್ಟೋರೇಜ್ ಕೆಟ್ಟಿದೆ, ನಿಮ್ಮ ಮಷೀನ್ ಮರಳಿ ಸಿಗುವುದಿಲ್ಲ, ನಿಮ್ಮ ಬಳಿ ಇರುವ ಬ್ಯಾಕಪ್ ಬಳಸಿ. ನಮಗೆ ಅಷ್ಟು ಗಾಬರಿ ಆಗಲಿಲ್ಲ. ಆಫೀಸಿನ ಹಳೇ ಕಂಪ್ಯೂಟರ್ ದಿನಾ ರಾತ್ರಿ ಎರಡು ಗಂಟೆಗೆ ಸರ್ವರ್‌ನಿಂದ ಡೇಟಾಬೇಸ್ ಡಂಪ್, ಅಂದರೆ ಡೇಟಾಬೇಸಿನಲ್ಲಿ ಇರುವುದನ್ನೆಲ್ಲ ಒಂದೇ ಫೈಲಿಗೆ ಬರೆದ ನಕಲು, ಎಳೆದುಕೊಂಡು, ಕುಗ್ಗಿಸಿ ಇಟ್ಟುಕೊಳ್ಳುತ್ತಿತ್ತು. ವಾರದ ಏಳು ದಿನಕ್ಕೆ ಏಳು ಫೈಲು. ಈ ಸೋಮವಾರದ್ದು ಬಂದಾಗ ಹೋದ ಸೋಮವಾರದ್ದು ಅಳಿಯುತ್ತದೆ.

ಫೋಲ್ಡರ್ ತೆರೆದೆ. ಏಳರಲ್ಲಿ ಆರು ಫೈಲು ಹೆಚ್ಚುಕಮ್ಮಿ ಒಂದೇ ಗಾತ್ರ. ಏಳನೆಯದು 20 ಬೈಟ್. ನನಗೆ ಎದೆ ಧಸಕ್ ಅಂದಿತು. 20 ಬೈಟ್ ಅಂದರೆ ಫೈಲು ಕುಗ್ಗಿಸುವ ಜಿಜಿಪ್ ಅನ್ನುವ ಸಾಧನ ಏನೂ ಇಲ್ಲದ್ದನ್ನು ಕುಗ್ಗಿಸಿದಾಗ ಉಳಿಯುವ ಬರೀ ಡಬ್ಬಿ. ಹಿಂದಿನ ರಾತ್ರಿ ಎರಡು ಗಂಟೆಗೆ ಸರ್ವರ್ ಆಗಲೇ ಸತ್ತಿತ್ತು. ಬ್ಯಾಕಪ್ ತೆಗೆಯುವ ಸ್ಕ್ರಿಪ್ಟ್ ಮಾತ್ರ ಎಂದಿನಂತೆ ಎದ್ದು, ಸಿಗದ ಡೇಟಾವನ್ನು ಎಳೆದು, ಹೋದ ವಾರದ ಒಳ್ಳೇ ಫೈಲಿನ ಮೇಲೆ ಖಾಲಿ ಡಬ್ಬಿ ಇಟ್ಟಿತ್ತು. ನಾವು ನೋಡದೇ ಇದ್ದಿದ್ದರೆ ದಿನಕ್ಕೊಂದರಂತೆ ಆರೂ ಹೋಗುತ್ತಿದ್ದವು.

ಅದಕ್ಕೇ ಮೊದಲ ಕೆಲಸ ಇದು. ಸರ್ವರ್ ಹೋಯಿತು ಅಂತ ಗೊತ್ತಾದ ತಕ್ಷಣ ಬ್ಯಾಕಪ್ ಕೆಲಸವನ್ನು ನಿಲ್ಲಿಸಿ. ಹೊತ್ತಿಗೆ ಸರಿಯಾಗಿ ಕೆಲಸ ತಾನೇ ನಡೆಸುವ ಕ್ರಾನ್ ಇದ್ದರೆ ಕ್ರಾನ್, ಎರಡು ಕಡೆಯ ಫೈಲು ಒಂದೇ ಮಾಡುವ ಸಿಂಕ್ ಇದ್ದರೆ ಸಿಂಕ್. ಬ್ಯಾಕಪ್ ಇರುವ ಕಂಪ್ಯೂಟರ್‌ನ ನೆಟ್‌ವರ್ಕ್ ವೈರ್ ಕಿತ್ತರೂ ತಪ್ಪಿಲ್ಲ. ಆಮೇಲೆ ಇರುವ ಅಷ್ಟನ್ನೂ ಎರಡು ಬೇರೆ ಡಿಸ್ಕಿಗೆ ನಕಲು ಮಾಡಿ, ಒಂದನ್ನು ಬೀರುವಿನಲ್ಲಿ ಇಟ್ಟುಬಿಡಿ. ಏನೇ ಕೊಯ್ಯುವುದಿದ್ದರೂ, ಹೊಲಿಯುವುದಿದ್ದರೂ ಇನ್ನೊಂದರ ಮೇಲೆ. ಕೆಟ್ಟ ಡಿಸ್ಕೇ ನಿಮ್ಮ ಕೈಯಲ್ಲಿದ್ದರೆ ಅದರ ಮೇಲೆ ಒಂದಕ್ಷರವನ್ನೂ ಬರೆಯಬೇಡಿ. ಡಿಡಿರೆಸ್ಕ್ಯೂ ಅಂತ ಒಂದು ಸಾಧನ ಇದೆ. ಓದಲು ಸುಲಭವಾದ ಭಾಗವನ್ನು ಮೊದಲು ಎತ್ತಿಕೊಂಡು, ಹಾಳಾದ ಜಾಗಕ್ಕೆ ಆಮೇಲೆ ಕೈ ಹಾಕುತ್ತದೆ.

ಉಳಿದ ಆರು ಫೈಲಿಗೆ ಬರೋಣ. ಕೆಳಗಿನ ಹೋಟೆಲ್‌ನಿಂದ ಬೈಟೂ ಕಾಫಿ ತರಿಸಿಕೊಂಡು ಕೂತು ಒಂದನ್ನು ಬಿಚ್ಚಿದೆವು. ಫೈಲು ನಡುವೆಯೇ ಮುಗಿದಿದೆ ಅಂತ ಕಂಪ್ಯೂಟರ್ ಹೇಳಿತು. ನಮ್ಮ ಡೇಟಾಬೇಸ್ ಮೈಎಸ್‌ಕ್ಯೂಎಲ್. ಅದರ ಡಂಪ್ ಸರಿಯಾಗಿ ಮುಗಿದರೆ ಕೊನೆಯ ಸಾಲಿನಲ್ಲಿ ‘ಡಂಪ್ ಕಂಪ್ಲೀಟೆಡ್’ ಅಂತ, ಸಾಮಾನ್ಯವಾಗಿ ತಾರೀಕಿನ ಜೊತೆ, ಬರೆದಿರುತ್ತದೆ. ಆರರಲ್ಲಿ ಒಂದರಲ್ಲೂ ಆ ಸಾಲು ಇರಲಿಲ್ಲ. ಜನವರಿಯಲ್ಲೇ ಹಳೇ ಕಂಪ್ಯೂಟರ್‌ನ ಡಿಸ್ಕ್ ತುಂಬಿತ್ತು. ಪ್ರತಿ ರಾತ್ರಿ ಹಳೇ ಫೈಲು ಅಳಿದಾಗ ಎಷ್ಟು ಜಾಗ ಸಿಗುತ್ತದೋ ಅಷ್ಟೇ ಬರೆದು ನಿಲ್ಲುತ್ತಿತ್ತು. ಪತ್ರಿಕೆ ಬೆಳೆಯುತ್ತಿತ್ತು, ಬ್ಯಾಕಪ್ ಬೆಳೆಯುತ್ತಿರಲಿಲ್ಲ. ಗಾತ್ರ ನೋಡಿದರೆ ಎಲ್ಲ ಸರಿ ಅನ್ನಿಸುತ್ತಿತ್ತು, ಯಾಕಂದರೆ ಜನವರಿಯಲ್ಲಿ ಅದೇ ಸರಿಯಾದ ಗಾತ್ರ. ಜಾಗ ಇಲ್ಲ ಅನ್ನುವ ಸಂದೇಶವನ್ನು ಕಂಪ್ಯೂಟರ್ ಪ್ರತಿ ರಾತ್ರಿ ಕಳಿಸುತ್ತಲೇ ಇತ್ತು. ಅದೇ ಕಂಪ್ಯೂಟರ್‌ನ ಒಳಗಿನ ಮೇಲ್ ಡಬ್ಬಿಗೆ. ಅದನ್ನು ನಾವು ಒಂದು ದಿನವೂ ತೆರೆದಿರಲಿಲ್ಲ.

ಇದು ಬರೀ ಸಣ್ಣವರ ಪಾಡು ಅಂದುಕೊಳ್ಳಬೇಡಿ. 2017ರ ಜನವರಿ 31ರಂದು ಪ್ರೋಗ್ರಾಮರ್‌ಗಳು ಕೋಡ್ ಇಡುವ ಗಿಟ್‌ಲ್ಯಾಬ್ ತಾಣದ ಒಬ್ಬ ಎಂಜಿನಿಯರ್ ಎರಡನೇ ಡೇಟಾಬೇಸ್ ಸರ್ವರ್‌ನ ಫೋಲ್ಡರ್ ಖಾಲಿ ಮಾಡಲು ಹೋಗಿ, ಕಣ್ತಪ್ಪಿ ಮುಖ್ಯ ಸರ್ವರ್‌ನದ್ದನ್ನೇ ಅಳಿಸಿದರು. ಒಂದೆರಡು ಸೆಕೆಂಡಿನಲ್ಲಿ ತಿಳಿದು ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್‌ಗೆ ಅವರ ಬಳಿ ಹಲವು ದಾರಿ ಇದ್ದವು. ದಿನದ ಡಂಪ್ ನಡೆಯುತ್ತಲೇ ಇರಲಿಲ್ಲ. ಡೇಟಾಬೇಸ್ ಪೋಸ್ಟ್‌ಗ್ರೆಸ್‌ನ 9.6ನೇ ಆವೃತ್ತಿ, ಡಂಪ್ ತೆಗೆಯುವ ಸಾಧನ 9.2ನೇ ಆವೃತ್ತಿ, ಎರಡಕ್ಕೂ ಹೊಂದುತ್ತಿರಲಿಲ್ಲ. ಸೋತಿದೆ ಅಂತ ತಿಳಿಸುವ ಮೇಲ್‌ಗಳು ದಾರಿಯಲ್ಲೇ ತಿರಸ್ಕಾರ ಆಗುತ್ತಿದ್ದವು. ಅವರನ್ನು ಉಳಿಸಿದ್ದು ಪರೀಕ್ಷೆ ಕೆಲಸಕ್ಕೆ ಅಂತ ಅದೇ ಎಂಜಿನಿಯರ್ 6 ಗಂಟೆ ಮುಂಚೆ ತೆಗೆದಿಟ್ಟ ಒಂದು ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಡೇಟಾದ ಪ್ರತಿ. ಆ 6 ಗಂಟೆಯ ಡೇಟಾ ಹೋಯಿತು. ಆ ಇಡೀ ಕತೆಯನ್ನು ಅವರು ಮುಚ್ಚಿಡದೆ ಬರೆದರು. ಸರಿಪಡಿಸುವ ಕೆಲಸವನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿದರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಅದಕ್ಕೆ.

ನಮ್ಮ ಜೊತೆಗಿನ ಹುಡುಗ ಆ ಹೊತ್ತಿಗೆ ಹೊಸ ಸರ್ವರ್ ತೆಗೆದುಕೊಂಡು, ಇದ್ದಷ್ಟು ಹಾಕಿ ತಾಣ ಶುರು ಮಾಡೋಣ ಅಂತ ಕೂತಿದ್ದ. ಮೇಷ್ಟ್ರು ತಡೆದರು.

“ಎಷ್ಟು ಹೋಗಿದೆಯಪ್ಪ?” ಅಂತ ನನ್ನನ್ನು ಕೇಳಿದರು.

“ಇನ್ನೂ ಗೊತ್ತಿಲ್ಲ ಮೇಷ್ಟ್ರೇ.”

“ಹಾಗಾದರೆ ಮೊದಲು ಅದನ್ನ ಪಟ್ಟಿ ಮಾಡು. ಏನು ಕಳೆದಿದೆ ಅಂತಲೇ ಗೊತ್ತಿಲ್ಲದೆ ಯಾರ ಹತ್ತಿರ ಹೋಗಿ ಏನಂತ ಕೇಳ್ತೀಯ?”

ಅರ್ಧ ಬ್ಯಾಕಪ್‌ನ ಇಡೀ ಕೆಲಸ ಆ ಒಂದು ಮಾತಿನಲ್ಲಿದೆ. ಉಳಿದದ್ದನ್ನು ಎತ್ತುವುದಕ್ಕಿಂತ ಮುಂಚೆ ಹೋದದ್ದರ ಆಕಾರ ಕಾಣಬೇಕು.

ಅದು ಹೇಗೆ ಕಾಣುತ್ತದೆ? ಸ್ವಲ್ಪ ಒಳಗೆ ಹೋಗೋಣ. ನಮ್ಮ ತಾಣ ನಡೆಯುವುದು ವರ್ಡ್‌ಪ್ರೆಸ್ ಅನ್ನುವ ತಂತ್ರಾಂಶದಲ್ಲಿ. ಅದು ಬರಹವನ್ನೆಲ್ಲ ಡೇಟಾಬೇಸ್‌ನ ಟೇಬಲ್‌ಗಳಲ್ಲಿ, ಅಂದರೆ ಸಾಲು-ಕಂಬದ ಪಟ್ಟಿಗಳಲ್ಲಿ, ಇಡುತ್ತದೆ. ಡಂಪ್ ಮಾಡುವಾಗ ಟೇಬಲ್‌ಗಳು ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಬರುತ್ತವೆ. ಮೊದಲು ಕಾಮೆಂಟ್ಸ್, ಆಮೇಲೆ ಆಪ್ಷನ್ಸ್, ಪೋಸ್ಟ್‌ಮೆಟಾ (ಲೇಖನದ ಜೊತೆಗಿನ ವಿವರ), ಪೋಸ್ಟ್ಸ್ (ಲೇಖನಗಳು), ಟರ್ಮ್ಸ್, ಎಲ್ಲಕ್ಕಿಂತ ಕೊನೆಗೆ ಯೂಸರ್ಸ್. ನಮ್ಮ ಫೈಲು ತುಂಡಾಗಿದ್ದು ಪೋಸ್ಟ್ಸ್ ನಡುವೆ. ಅಂದರೆ ಕಾಮೆಂಟ್‌ಗಳು ಆಗಸ್ಟ್‌ವರೆಗೆ ಪೂರ್ತಿ ಇವೆ. ಲೇಖನಗಳು ಜನವರಿಗೇ ನಿಂತಿವೆ. ಬರೆದವರ ಹೆಸರಿನ ಟೇಬಲ್ ಇಲ್ಲವೇ ಇಲ್ಲ. ‘ಅಜ್ಜಿಯ ನೆನಪಾಗಿ ಕಣ್ಣು ತುಂಬಿತು’ ಅಂತ ಯಾರೋ ಬರೆದ ಮಾತು ಇದೆ. ಯಾವ ಲೇಖನ ಓದಿ ಕಣ್ಣು ತುಂಬಿತು ಅನ್ನುವುದು ಇಲ್ಲ.

ಆದರೆ ಆ ಕಾಮೆಂಟ್ ಪಕ್ಕದಲ್ಲಿ ಲೇಖನದ ನಂಬರ್ ಇದೆ. ಪೋಸ್ಟ್‌ಮೆಟಾದಲ್ಲಿ ಆ ನಂಬರಿಗೆ ಯಾವ ಚಿತ್ರ ಹಾಕಿದ್ದೆವು ಅನ್ನುವುದಿದೆ. ಮೊದಲ ಕಾಮೆಂಟ್‌ನ ತಾರೀಕಿನಿಂದ ಲೇಖನ ಯಾವಾಗ ಬಂದಿತ್ತು ಅಂತ ಅಂದಾಜಾಗುತ್ತದೆ. ನಾವು ದಿನಾ ಓದುಗರ ವಾಟ್ಸಾಪ್ ಗುಂಪಿಗೆ ಲೇಖನದ ಹೆಸರು, ಕೊಂಡಿ ಕಳಿಸುತ್ತಿದ್ದೆವು. ಗುಂಪಿನ ಹಳೇ ಮಾತುಕತೆ ಇಳಿಸಿಕೊಂಡು ತಾರೀಕಿಗೆ ತಾರೀಕು ಹೊಂದಿಸಿದೆವು. ಎರಡು ದಿನದಲ್ಲಿ ಒಂದು ಪಟ್ಟಿ ಸಿದ್ಧವಾಯಿತು. ಹೋಗಿರುವುದು 212 ಬರಹ. ಪ್ರತಿಯೊಂದಕ್ಕೂ ನಂಬರ್, ತಾರೀಕು, ಹೆಸರು.

ಇನ್ನು ತುಂಡಾದ ಜಾಗ. ಡಂಪ್ ಒಂದೊಂದೇ ಲೇಖನಕ್ಕೆ ಒಂದು ಸಾಲು ಬರೆಯುವುದಿಲ್ಲ. ಹತ್ತಾರು ಲೇಖನ ಸೇರಿಸಿ ಸುಮಾರು 1 ಎಂಬಿಯ ಒಂದೇ ಉದ್ದ ಸಾಲು ಮಾಡುತ್ತದೆ. ಆ ಸಾಲು ಪೂರ್ತಿ ಆಗದಿದ್ದರೆ ಡಂಪನ್ನು ಮರಳಿ ಹಾಕುವಾಗ, ಅಂದರೆ ರಿಸ್ಟೋರ್ ಮಾಡುವಾಗ, ಇಡೀ ಸಾಲನ್ನೇ ಡೇಟಾಬೇಸ್ ಒಪ್ಪುವುದಿಲ್ಲ. ಸುಮ್ನೆ ಬಿಟ್ಟಿದ್ದರೆ ಅದರೊಳಗಿನ 31 ಲೇಖನವೂ ಹೋಗುತ್ತಿತ್ತು, ಪಟ್ಟಿ 243 ಆಗುತ್ತಿತ್ತು. ಕೊನೆಯ ಪೂರ್ತಿ ಲೇಖನ ಎಲ್ಲಿ ಮುಗಿಯುತ್ತದೆ ಅಂತ ಹುಡುಕಿ, ಅಲ್ಲಿಗೆ ಕತ್ತರಿಸಿ, ಅಲ್ಪವಿರಾಮದ ಜಾಗದಲ್ಲಿ ಅರ್ಧವಿರಾಮ ಹಾಕಿದೆವು. 31 ಲೇಖನ ಬಂದವು.

32ನೆಯದು ಅವರೆಕಾಯಿಯ ಬಗ್ಗೆ. ಜನವರಿಯ ಬೆಂಗಳೂರು ಅಲ್ವಾ, ಅದೇ ಇರಬೇಕು. ಹನುಮಂತನಗರದ ಒಬ್ಬ ಅಮ್ಮ ಬರೆದದ್ದು. ಮೂರು ಪ್ಯಾರಾ ಇದೆ. ನಾಲ್ಕನೆಯದು ‘ಬೆರಳಿಗೆ ಅಂಟಿದ ಆ ಸೊಗ’ ಅನ್ನುವಲ್ಲಿಗೆ ನಿಂತಿದೆ. ‘ಸೊಗ’ದ ಮುಂದೆ ಒಂದು ಅಕ್ಷರದ ಮೂರು ಬೈಟಿನಲ್ಲಿ ಎರಡು ಮಾತ್ರ ಇವೆ. ಅದು ‘ಡು’ವಿನ ‘ಡ’ ಅಂತ ನಮಗೆಲ್ಲ ಗೊತ್ತು. ಕಂಪ್ಯೂಟರ್‌ಗೆ ಗೊತ್ತಿಲ್ಲ. ಆ ಪರದೆ ನೋಡುತ್ತಾ ನಾವು ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಬರೆದವರ ಹೆಸರುಗಳನ್ನು ತಂದದ್ದು ಎರಡು ಕಡೆಯಿಂದ. ಎರಡು ವರ್ಷದ ಹಿಂದೆ ಸರ್ವರ್ ಬದಲಿಸಿದಾಗ ತೆಗೆದ ಒಂದು ಪೂರ್ತಿ ಡಂಪ್ ಮೇಷ್ಟ್ರ ಮೇಜಿನ ಡ್ರಾಯರಿನಲ್ಲಿ ಪೆನ್ ಡ್ರೈವ್‌ನಲ್ಲಿತ್ತು. ಅಲ್ಲಿಯವರೆಗಿನ ಹೆಸರುಗಳು ಸಿಕ್ಕವು. ಆಮೇಲೆ ಸೇರಿದವರು ಲೇಖನದಲ್ಲಿ ಬರೀ ನಂಬರ್ ಆಗಿ ಉಳಿದಿದ್ದರು. ಅವರಲ್ಲಿ ಬಹಳ ಜನ ತಮ್ಮ ಲೇಖನಕ್ಕೆ ಬಂದ ಮಾತಿಗೆ ಲಾಗಿನ್ ಆಗಿ ಧನ್ಯವಾದ ಹೇಳಿದ್ದರು. ಕಾಮೆಂಟ್ ಟೇಬಲ್ ಹಾಗೆ ಹೇಳಿದವರ ಹೆಸರನ್ನೂ ನಂಬರನ್ನೂ ಒಟ್ಟಿಗೆ ಇಟ್ಟುಕೊಂಡಿರುತ್ತದೆ. ಧನ್ಯವಾದ ಹೇಳಿದವರೆಲ್ಲ ಹೀಗೆ ಸಿಕ್ಕರು. ಹೇಳದವರನ್ನು ಮೇಲ್‌ನಲ್ಲಿ ಹುಡುಕಬೇಕಾಯಿತು. ಹಳೇ ಪಾಸ್‌ವರ್ಡ್‌ಗಳನ್ನು ಮಾತ್ರ ಬಳಸಲಿಲ್ಲ. ಎಲ್ಲರಿಗೂ ಹೊಸದು ಮಾಡಿಕೊಳ್ಳಲು ಹೇಳಿದೆವು.

ಆ ಪೆನ್ ಡ್ರೈವ್ ಡಂಪ್ ನನಗೆ ಒಂದು ರಾತ್ರಿಯ ನಿದ್ದೆ ಕೆಡಿಸಿತು. ರಿಸ್ಟೋರ್ ಆಯಿತು, ತೆರೆದರೆ ಕನ್ನಡವೇ ಇಲ್ಲ. ಪರದೆ ತುಂಬಾ ತಲೆ ಮೇಲೆ ಓರೆ ಗೆರೆ ಇರುವ ಇಂಗ್ಲಿಷ್ ಸಣ್ಣ ‘ಎ’, ಪಕ್ಕದಲ್ಲಿ ಮೇಲಕ್ಕೆ ಏರಿದ ಪುಟ್ಟ 2, ಇಲ್ಲ ಪುಟ್ಟ 3. ಕನ್ನಡ ತಾಣ ನೋಡಿಕೊಳ್ಳುವವರು ಇದನ್ನು ಒಂದಲ್ಲ ಒಂದು ದಿನ ನೋಡಿಯೇ ನೋಡುತ್ತೀರಿ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್. ಮೊದಲನೆಯದು ಎಲ್ಲಕ್ಕೂ ಒಂದೇ. ಎರಡನೆಯದು ಎರಡೇ ಬಗೆ. ಆ ಬೈಟ್‌ಗಳನ್ನು ಇಂಗ್ಲಿಷ್ ಮತ್ತು ಯುರೋಪಿನ ಕೆಲವು ಭಾಷೆಗಳ ಹಳೇ ಪದ್ಧತಿಯಾದ ಲ್ಯಾಟಿನ್-1 ಅಂತ ತಪ್ಪು ತಿಳಿದು ಓದಿದಾಗ ಹೀಗೆ ಕಾಣುತ್ತದೆ. ಕ, ಗ, ಮ, ಲ ಮುಂತಾದ ವ್ಯಂಜನಗಳೆಲ್ಲ ಪುಟ್ಟ 2ರ ಜೊತೆ ಬರುತ್ತವೆ. ಕೊಂಬು, ಏತ್ವ, ಓತ್ವ, ಒತ್ತಕ್ಷರ ಮಾಡುವ ವಿರಾಮ ಚಿಹ್ನೆ ಪುಟ್ಟ 3ರ ಜೊತೆ. ಗಂಟೆಗಟ್ಟಲೆ ನೋಡಿದ ಮೇಲೆ ಒತ್ತಕ್ಷರ ಎಲ್ಲಿದೆ ಅಂತ ನನಗೇ ಗುರುತು ಹತ್ತತೊಡಗಿತು.

ಇದು ಕಂಡರೆ ಹೆದರಬೇಡಿ. ಬೈಟ್‌ಗಳು ಸುರಕ್ಷಿತವಾಗಿವೆ, ಓದುವ ರೀತಿ ಮಾತ್ರ ತಪ್ಪಾಗಿದೆ. ಲ್ಯಾಟಿನ್-1 ಅಂತಲೇ ಹೇಳಿ ಹೊರಗೆ ತೆಗೆಯಿರಿ, ಆಗ ಮೂಲ ಬೈಟ್‌ಗಳು ಹಾಗೇ ಹೊರಬರುತ್ತವೆ. ಅದನ್ನೇ ಯುಟಿಎಫ್8-ಎಂಬಿ4 (ಮೈಎಸ್‌ಕ್ಯೂಎಲ್‌ನಲ್ಲಿ ಪೂರ್ತಿ ಯುಟಿಎಫ್-8ರ ಹೆಸರು) ಅಂತ ಹೇಳಿ ಒಳಗೆ ಹಾಕಿ. ಕನ್ನಡ ಮರಳುತ್ತದೆ. ಆದರೆ ಸಾಲುಸಾಲು ಪ್ರಶ್ನೆಚಿಹ್ನೆ ಕಂಡರೆ ಆ ಪ್ರತಿಯಲ್ಲಿ ಅಕ್ಷರ ನಿಜವಾಗಿಯೂ ಹೋಗಿದೆ. ಅದನ್ನು ತಿದ್ದಲು ಸಮಯ ಕಳೆಯಬೇಡಿ, ಬೇರೆ ಪ್ರತಿ ಹುಡುಕಿ.

ಈಗ ಒಂದು ವಿಷಯ ಒತ್ತಿ ಹೇಳಬೇಕು. ಹುಡುಗ ಅವಸರ ಮಾಡಿ ತಾಣ ಶುರು ಮಾಡಿದ್ದರೆ ಏನಾಗುತ್ತಿತ್ತು ಗೊತ್ತಾ? ಡೇಟಾಬೇಸ್ ಹೊಸ ಲೇಖನಕ್ಕೆ ತಾನೇ ನಂಬರ್ ಕೊಡುತ್ತದೆ. ಎಣಿಕೆಯನ್ನು ಬೇರೆ ಬರೆದಿಟ್ಟಿರದಿದ್ದರೆ, ಇರುವುದರಲ್ಲಿ ಕೊನೆಯ ನಂಬರ್ ನೋಡಿ ಅದರ ಮುಂದಿನದು. ನಮ್ಮಲ್ಲಿ ಇದ್ದ ಕೊನೆಯದು ಜನವರಿಯದು. ಹಾಗಾಗಿ ಹೊಸ ಲೇಖನಕ್ಕೆ ಕಳೆದುಹೋದ ಅವರೆಕಾಯಿ ಲೇಖನದ ನಂಬರ್ ಸಿಕ್ಕಿಬಿಡಬಹುದಿತ್ತು. ಆಗ ಅದರ ಕೆಳಗೆ ಅವರೆಕಾಯಿಗೆ ಬಂದ ಕಾಮೆಂಟ್‌ಗಳೆಲ್ಲ ತಾವಾಗಿ ಬಂದು ಕೂರುತ್ತಿದ್ದವು. ಆಮೇಲೆ ಯಾವ ಮಾತು ಯಾರದಕ್ಕೆ ಅಂತ ಬಿಡಿಸಲು ಆಗುತ್ತಿರಲಿಲ್ಲ. ಅದಕ್ಕೆ ಬಾಗಿಲು ತೆರೆಯುವ ಮುಂಚೆ ನಂಬರ್ ಎಣಿಕೆಯನ್ನು ಕಳೆದದ್ದೆಲ್ಲಕ್ಕಿಂತ ಬಹಳ ಮುಂದಕ್ಕೆ ತಳ್ಳಿ. ಒಂದೇ ಸಾಲಿನ ಕೆಲಸ. ಬಿಲ್ ನಂಬರ್, ರಸೀದಿ ನಂಬರ್, ಸದಸ್ಯರ ನಂಬರ್ ಇರುವ ಯಾವ ಲೆಕ್ಕಕ್ಕೂ ಇದು ಅನ್ವಯ. ಖಾಲಿ ಜಾಗ ಖಾಲಿಯಾಗೇ ಇರಲಿ. ಅದರ ಮಾಲೀಕರು ಬರುತ್ತಾರೆ.

ಬಂದರು ಕೂಡ. 212ರ ಪಟ್ಟಿಯನ್ನು ತಾಣದ ಮುಖಪುಟದಲ್ಲೇ ಹಾಕಿದೆವು. ಇವು ನಮ್ಮಿಂದ ಕಳೆದಿವೆ, ನಿಮ್ಮ ಬಳಿ ಇದ್ದರೆ ಕೊಡಿ ಅಂತ. ವೆಬ್ ಪುಟಗಳ ಹಳೇ ಪ್ರತಿಗಳನ್ನು ಕೂಡಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ 61 ಸಿಕ್ಕವು. 2001ರಿಂದ ಎಲ್ಲರಿಗೂ ತೆರೆದಿರುವ ಆ ಸೇವೆಗೆ ಕನ್ನಡದವರು ಎಷ್ಟು ಋಣಿಯಾಗಿದ್ದರೂ ಸಾಲದು. 118 ಬರೆದವರಿಂದಲೇ ಬಂದವು. ಕೆಲವು ‘ನುಡಿ’ ತಂತ್ರಾಂಶದಲ್ಲಿ, ಕೆಲವು ‘ಬರಹ’ ತಂತ್ರಾಂಶದಲ್ಲಿ, ಯುನಿಕೋಡ್‌ಗೆ ಮುಂಚಿನ ಹಳೇ ಆಸ್ಕಿ ಫಾಂಟ್‌ನಲ್ಲಿ. ಪರಿವರ್ತಕದಿಂದ ಯುನಿಕೋಡ್ ಮಾಡಿದಾಗ ಅರ್ಕಾವೊತ್ತು ಅಲ್ಲಲ್ಲಿ ಜಾಗ ತಪ್ಪುತ್ತಿತ್ತು. ಮೇಷ್ಟ್ರು ಕೂತು ಒಂದೊಂದನ್ನೂ ತಿದ್ದಿದರು. ಹನುಮಂತನಗರದ ಅಮ್ಮ ಲೇಖನವನ್ನು ಮೊದಲು ನೋಟ್‌ಬುಕ್‌ನಲ್ಲಿ ಬರೆದಿದ್ದರಂತೆ. ಫೋನಿನಲ್ಲಿ ಓದಿದರು, ನಾನು ಟೈಪ್ ಮಾಡಿದೆ. 33 ಬರಹ ಇವತ್ತಿಗೂ ಸಿಕ್ಕಿಲ್ಲ. ಅವುಗಳ ಹೆಸರು, ತಾರೀಕು, ಬಂದ ಕಾಮೆಂಟ್‌ಗಳು ಮಾತ್ರ ಇರುವ ಪುಟಗಳನ್ನು ಹಾಗೇ ಇಟ್ಟಿದ್ದೇವೆ. ಅಳಿಸಿಬಿಡಿ, ಚೆನ್ನಾಗಿ ಕಾಣಲ್ಲ ಅಂತ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಅಳಿಸಿದರೆ ಅವು ಇದ್ದವು ಅನ್ನುವುದೂ ಹೋಗುತ್ತದೆ.

ಚಿತ್ರಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅವು ಬೇರೆ ಡಿಸ್ಕಿಗೆ ಹೋಗುತ್ತಿದ್ದವು, ಪೂರ್ತಿ ಇದ್ದವು. ತಾಣದ ಮುಖ್ಯ ಫೋಲ್ಡರ್‌ನಲ್ಲಿ ಮಾತ್ರ ಚುಕ್ಕಿಯಿಂದ ಶುರುವಾಗುವ ಸೆಟ್ಟಿಂಗ್ ಫೈಲುಗಳು ಇರಲಿಲ್ಲ. ನಕಲು ಮಾಡುವಾಗ ಎಲ್ಲ ಫೈಲು ಅನ್ನಲು ನಕ್ಷತ್ರ ಚಿಹ್ನೆ ಬಳಸಿದರೆ ಅವು ಸಾಮಾನ್ಯವಾಗಿ ಸೇರುವುದಿಲ್ಲ.

ಇನ್ನು ಪ್ರಶ್ನೆಗಳು.

ಮುಂದಿನ ಸಾಲಿನ ಒಬ್ಬರು ಕೇಳಿದರು: ಎಲ್ಲ ಕ್ಲೌಡ್‌ನಲ್ಲಿ ಇದೆ, ಸರ್ವರ್‌ನಲ್ಲಿ ಎರಡೆರಡು ಡಿಸ್ಕ್ ಇದೆ, ಇಷ್ಟು ಸಾಲದಾ?

ಸಾಲದು ಸಾರ್. ಎರಡು ಡಿಸ್ಕ್ ಇದ್ದರೆ ಒಂದು ಕೆಟ್ಟಾಗ ಕೆಲಸ ನಿಲ್ಲುವುದಿಲ್ಲ, ಅಷ್ಟೇ. ನೀವು ಒಂದರಲ್ಲಿ ಅಳಿಸಿದ್ದು ಅದೇ ಕ್ಷಣ ಇನ್ನೊಂದರಲ್ಲೂ ಅಳಿಯುತ್ತದೆ. ಕ್ಲೌಡ್ ಅಂದರೂ ಎಲ್ಲೋ ಒಂದು ಕಟ್ಟಡವೇ. 2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಒಂದು ಡೇಟಾ ಸೆಂಟರ್ ಸುಟ್ಟುಹೋಯಿತು. ಬ್ಯಾಕಪ್ಪೂ ಅದೇ ಆವರಣದಲ್ಲಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದಾದರೂ ಬೇರೆ ಜಾಗದಲ್ಲಿ ಅನ್ನುವ ಲೆಕ್ಕವನ್ನು ಪೀಟರ್ ಕ್ರೋಗ್ ಅನ್ನುವ ಫೋಟೋಗ್ರಾಫರ್ ಜನಪ್ರಿಯ ಮಾಡಿದರು. ನಮ್ಮಲ್ಲಿ ಅತ್ತಿಮಬ್ಬೆ ಸಾವಿರ ವರ್ಷದ ಹಿಂದೆ ಪೊನ್ನನ ಶಾಂತಿಪುರಾಣದ 1000 ಪ್ರತಿ ಬರೆಸಿ ಹಂಚಿದಳು. ಅದು ಇವತ್ತಿಗೂ ನಮ್ಮ ಕೈಯಲ್ಲಿದೆ. ಅದೇ ಪೊನ್ನನ ಭುವನೈಕರಾಮಾಭ್ಯುದಯ ಸಿಕ್ಕಿಲ್ಲ.

ಅಪಾರ್ಟ್‌ಮೆಂಟ್ ಸಂಘದ ಲೆಕ್ಕ ನೋಡುವ ಒಬ್ಬ ಮೇಡಂ ಕೇಳಿದರು: ನಮ್ಮದು ಬರೀ ಟ್ಯಾಲಿ, ಇದೆಲ್ಲ ನಮಗೂ ಬೇಕಾ?

ಬೇಕು ಮೇಡಂ. ಒಂದನ್ನು ಖಂಡಿತ ನೆನಪಿಡಿ. ಹಳೇ ಬ್ಯಾಕಪ್ ರಿಸ್ಟೋರ್ ಮಾಡುವಾಗ ಈಗ ಬಳಸುತ್ತಿರುವ ಫೋಲ್ಡರ್‌ಗೇ ಹಾಕಿದರೆ ಇವತ್ತಿನ ಲೆಕ್ಕದ ಮೇಲೆ ಹಳೇ ಲೆಕ್ಕ ಬಂದು ಕೂರುತ್ತದೆ. ಯಾವಾಗಲೂ ಬೇರೆ ಫೋಲ್ಡರ್ ಮಾಡಿ, ಅಲ್ಲಿ ತೆರೆದು ನೋಡಿ. ನಡುವೆ ವೋಚರ್‌ಗಳು ಇಲ್ಲದಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್, ಮನೆಯವರಿಗೆ ಕಳಿಸಿದ ರಸೀದಿಗಳೇ ನಿಮ್ಮ ವಾಟ್ಸಾಪ್ ಗುಂಪು, ನಿಮ್ಮ ಕಾಮೆಂಟ್ ಟೇಬಲ್.

ಕೊನೆಗೆ ಒಬ್ಬ ಹುಡುಗಿ, ಇನ್ನೂ ಕಾಲೇಜಿನಲ್ಲಿ ಇರಬೇಕು: ನೀವೀಗ ಏನು ಮಾಡುತ್ತೀರಿ?

ಡಂಪ್‌ನ ಕೊನೆಯ ಸಾಲು ಸರಿ ಇದೆಯಾ, ನಿನ್ನೆಗಿಂತ ಗಾತ್ರ ಕಮ್ಮಿಯಾಗಿದೆಯಾ ಅಂತ ಸ್ಕ್ರಿಪ್ಟೇ ನೋಡುತ್ತದೆ. ಎಲ್ಲ ಸರಿ ಇದ್ದರೂ ಬೆಳಗ್ಗೆ ನನ್ನ ಫೋನಿಗೆ ಒಂದು ಸಂದೇಶ ಬರುತ್ತದೆ. ಸಂದೇಶ ಬರದ ದಿನ ನಾನು ಎದ್ದು ನೋಡುತ್ತೇನೆ. ಪ್ರತಿ ತಿಂಗಳ ಮೊದಲ ಶನಿವಾರ ಒಂದು ಹಳೇ ಲ್ಯಾಪ್‌ಟಾಪ್‌ನಲ್ಲಿ ಇಡೀ ಪತ್ರಿಕೆಯನ್ನು ಬ್ಯಾಕಪ್‌ನಿಂದ ಎಬ್ಬಿಸುತ್ತೇವೆ. ಮೇಷ್ಟ್ರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಮೊದಲನೆಯ ಲೇಖನ ತೆರೆಯುತ್ತೇವೆ, ನಡುವಿನದೊಂದು ತೆರೆಯುತ್ತೇವೆ. ಕೊನೆಯದನ್ನು ಮಾತ್ರ ಅವರು ಜೋರಾಗಿ ಕೊನೇ ಸಾಲಿನವರೆಗೂ ಓದುತ್ತಾರೆ.